ಮೇರಿಯನ್ ಬರೆದ ಹುಳುಗಳ ಚಿತ್ರ: ಕಲೆಯಾ, ವಿಜ್ಞಾನವಾ?

ಎಲೆಮರೆ:
ಗಿಡ, ಚಿಟ್ಟೆ ಇವನ್ನೆಲ್ಲ ಜಲವರ್ಣದಲ್ಲಿ ಬರೆಯುವುದನ್ನು ಕಲಿಯುತ್ತಿದ್ದೇನೆ. ಎಲ್ಲಿ ಹೋದರೂ 17ನೇ ಶತಮಾನದ ಜರ್ಮನ್ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್ ಹೆಸರು ಬರುತ್ತದೆ. ಕೆಲವರು ಆಕೆ ವಿಜ್ಞಾನಿ ಅನ್ನುತ್ತಾರೆ, ಕೆಲವರು ಹೂವು ಬಿಡಿಸಿದ ಹೆಂಗಸು ಅಷ್ಟೇ ಅನ್ನುತ್ತಾರೆ. ಚಿತ್ರ ಚೆಂದ ಇದ್ದ ಮಾತ್ರಕ್ಕೆ ವಿಜ್ಞಾನ ಆಗುತ್ತದಾ? ಮತ್ತೆ ಈ ಕೆಲಸದಲ್ಲಿ ಹೆಂಗಸರ ಹೆಸರು ಇಷ್ಟೊಂದು ಯಾಕೆ ಸಿಗುತ್ತದೆ?

ಕಂಬಳಿಹುಳ:
ಚೆಂದ ಬಿಡಿ, ಆಕೆ ಏನನ್ನು ಒಂದೇ ಹಾಳೆಗೆ ತಂದಳು ನೋಡಿ. ಮೊಟ್ಟೆ, ಹುಳು, ಗೂಡು, ಚಿಟ್ಟೆ, ಜೊತೆಗೆ ಆ ಹುಳು ತಿನ್ನುವ ಗಿಡ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಆ ಕಾಲದ ಯುರೋಪಿನಲ್ಲಿ ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆ ಎಂದು ನಂಬಿದವರು ಬೇಕಾದಷ್ಟು ಜನ ಇದ್ದರು. ಈಕೆ 13ನೇ ವಯಸ್ಸಿನಲ್ಲೇ ರೇಷ್ಮೆ ಹುಳು ಸಾಕಿ ನೋಡಿದವಳು. ಕಂಬಳಿಹುಳುಗಳ ಮೇಲಿನ ಮೊದಲ ಪುಸ್ತಕ 1679ರಲ್ಲಿ ಬಂತು. 1699ರಲ್ಲಿ, 52ನೇ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ ದುಡ್ಡು ಹೊಂದಿಸಿಕೊಂಡು ಕಿರಿ ಮಗಳ ಜೊತೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದಳು. ಅಲ್ಲಿನ ಹುಳುಗಳ ಪುಸ್ತಕ 1705ರಲ್ಲಿ ಬಂತು, 60 ಚಿತ್ರಫಲಕ. ಮುಂದೆ ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಕೆಲವು ಜೀವಿಗಳನ್ನು ಹೆಸರಿಸುವಾಗ ಇವೇ ಚಿತ್ರಗಳನ್ನು ಆಧಾರ ಮಾಡಿಕೊಂಡ. ಇದು ವಿಜ್ಞಾನ ಅಲ್ಲದೆ ಇನ್ನೇನು?

ಸುಮ್ನೆ_ಓದುಗ:
ಅಷ್ಟು ಹೊಗಳಬೇಡಿ. ಲ್ಯಾಂಟರ್ನ್ ಫ್ಲೈ ಹುಳದ ಬೆಳಕಿನಲ್ಲಿ ಪತ್ರಿಕೆ ಓದಬಹುದು ಎಂದು ಬರೆದವಳೂ ಈಕೆಯೇ. ಆ ಹುಳ ಬೆಳಗುವುದೇ ಇಲ್ಲ!

ಕಂಬಳಿಹುಳ:
ಅದು ತಪ್ಪೇ, ಒಪ್ಪುತ್ತೇನೆ. ಆದರೆ ಸೀಬೆ ಕೊಂಬೆಯ ಮೇಲೆ ದೊಡ್ಡ ಜೇಡವೊಂದು ಹಮ್ಮಿಂಗ್ ಬರ್ಡ್ ತಿನ್ನುವ ಚಿತ್ರಕ್ಕೂ ಜನ ನಕ್ಕಿದ್ದರು, ಹೆಂಗಸಿನ ಕಲ್ಪನೆ ಅಂದಿದ್ದರು. ಆಮೇಲೆ ಬೇಟ್ಸ್ ಎಂಬ ನಿಸರ್ಗ ತಜ್ಞ ಅಮೆಜಾನ್‌ನಲ್ಲಿ ಹಕ್ಕಿ ಹಿಡಿದ ಜೇಡವನ್ನು ಕಣ್ಣಾರೆ ಕಂಡು 1863ರ ಪುಸ್ತಕದಲ್ಲಿ ಬರೆದ. ತಪ್ಪು ಮಾಡಿದ ಗಂಡಸರ ಪಟ್ಟಿ ಬೇಕಾ?

ನೀಲಿ_ಶಾಯಿ:
ಎರಡನೇ ಪ್ರಶ್ನೆಗೆ ಬರ್ತೀನಿ. ಹೆಂಗಸರಿಗೆ ಒಲವು ಜಾಸ್ತಿ ಅಂತೇನಲ್ಲ, ತೆರೆದಿದ್ದ ಬಾಗಿಲೇ ಇದೊಂದು. ಮೇರಿಯನ್ ಇದ್ದ ನ್ಯೂರೆಂಬರ್ಗ್‌ನಲ್ಲಿ ಎಣ್ಣೆ ಬಣ್ಣದ ಚಿತ್ರ ಬರೆಯುವ ಹಕ್ಕು ಗಂಡಸು ಚಿತ್ರಕಾರರ ಸಂಘದ ಕೈಯಲ್ಲಿತ್ತು. ಹೆಂಗಸರಿಗೆ ಉಳಿದದ್ದು ಜಲವರ್ಣ, ಹೂವು. ಕೆಲವರಿಗೆ ಇದು ಹೊಟ್ಟೆಪಾಡೂ ಹೌದು. ಲಂಡನ್ನಿನ ಎಲಿಜಬೆತ್ ಬ್ಲ್ಯಾಕ್‌ವೆಲ್, ತನ್ನ ಗಂಡ ಸಾಲಕ್ಕೆ ಜೈಲು ಸೇರಿದಾಗ, ಚೆಲ್ಸಿಯ ಔಷಧಿ ತೋಟದ ಗಿಡಗಳನ್ನು ನೋಡಿ ಬರೆದು, ತಾಮ್ರದ ತಗಡಿನಲ್ಲಿ ತಾನೇ ಕೊರೆದು, ತಾನೇ ಬಣ್ಣ ಹಾಕಿ 500 ಚಿತ್ರ ಹೊರತಂದಳು, 1737ರಿಂದ 39ರೊಳಗೆ. ಆ ದುಡ್ಡಿನಿಂದ ಗಂಡನನ್ನು ಬಿಡಿಸಿದಳು. ಆಮೇಲೆ ಅವನು ಸ್ವೀಡನ್‌ಗೆ ಹೋಗಿ ರಾಜಕೀಯ ಪಿತೂರಿಯಲ್ಲಿ ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾದ, ಆ ಕಥೆ ಬೇರೆ. ಇನ್ನು ಎಲಿಜಬೆತ್ ಗೂಲ್ಡ್. ಹಿಮಾಲಯದ ಹಕ್ಕಿಗಳನ್ನು ಪುಸ್ತಕದ ಅಚ್ಚಿಗಾಗಿ ಕಲ್ಲಿನ ಮೇಲೆ ಬರೆದದ್ದು ಈಕೆ, ಆದರೆ ಜನಕ್ಕೆ ಗೊತ್ತಿರುವುದು ಗಂಡ, ಹಕ್ಕಿ ತಜ್ಞ ಜಾನ್ ಗೂಲ್ಡ್. ನನಗೆ ಸಿಟ್ಟು ಬರುವುದು ಇಲ್ಲೇ.

ಮಲೆನಾಡ_ಮಳೆ:
ಸಿಟ್ಟು ಸರಿ. ಆದರೆ ಸುರಿನಾಮ್‌ನಲ್ಲಿ ಮೇರಿಯನ್‌ಗೆ ಹುಳು ಹಿಡಿದು ತಂದವರು, ದಾರಿ ಕಡಿದು ಕೊಟ್ಟವರು ಗುಲಾಮರು, ಅಲ್ಲಿನ ಮೂಲ ನಿವಾಸಿಗಳು. ಅವರ ಹೆಸರು ಎಲ್ಲೂ ಇಲ್ಲ. ಒಂದು ವಿಷಯಕ್ಕೆ ಮಾತ್ರ ಆಕೆಯನ್ನು ಮೆಚ್ಚಬೇಕು. ಅಲ್ಲಿನ ಒಂದು ಹೂಗಿಡದ ಚಿತ್ರದ ಪಕ್ಕ, ಗುಲಾಮ ಹೆಂಗಸರು ತಮ್ಮ ಮಕ್ಕಳೂ ಗುಲಾಮರಾಗಿ ಹುಟ್ಟುವುದು ಬೇಡವೆಂದು ಇದರ ಬೀಜ ತಿಂದು ಗರ್ಭ ಕಳೆದುಕೊಳ್ಳುತ್ತಾರೆ, ಇದನ್ನು ಅವರೇ ನನಗೆ ಹೇಳಿದರು ಎಂದು ಬರೆದಿದ್ದಾಳೆ. ಆ ಗಿಡ ನಮ್ಮ ಕಾಂಪೌಂಡುಗಳಲ್ಲಿ ಬೆಳೆಯುವ ರತ್ನಗಂಧಿಯೇ.

ಎಲೆಮರೆ:
ಅಯ್ಯೋ, ರತ್ನಗಂಧಿ ನಮ್ಮ ಗೇಟಿನ ಪಕ್ಕದಲ್ಲೇ ಇದೆ! ಇದು ಗೊತ್ತೇ ಇರಲಿಲ್ಲ. ಅದನ್ನೇ ಬರೆಯೋಣ ಅನ್ನಿಸುತ್ತಿದೆ. ನಮ್ಮಲ್ಲಿ ಅದರ ಮೇಲೆ ಯಾವ ಹುಳು ಬರುತ್ತದೆ?

ಕಂಬಳಿಹುಳ:
ಗ್ರಾಸ್ ಯೆಲ್ಲೋ, ಆ ಪುಟ್ಟ ಹಳದಿ ಚಿಟ್ಟೆ. ಹುಳು ಎಲೆಯದ್ದೇ ಹಸಿರು, ಸುಲಭಕ್ಕೆ ಕಾಣುವುದಿಲ್ಲ, ಚಿಗುರು ಹುಡುಕಿ. ಹುಳುವನ್ನು ಮನೆಗೆ ತರುವುದಾದರೆ ಕೊಂಬೆ ಸಮೇತ ತನ್ನಿ, ದಿನಾ ಹೊಸ ಎಲೆ ಹಾಕಿ.