ಡೌನ್‌ಟೌನ್ ರಿವೈಟಲೈಸೇಷನ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ಊರುಗಳ ಬಗೆಗಿನ ಕೆಲವು ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಮಾತುಗಳ ಹತ್ತಿರ ಕೈ ನಿಲ್ಲುತ್ತಿದೆ. ಒಂದು ‘ಕಾಂಪ್ರಿಹೆನ್ಸಿವ್ ಪ್ಲಾನ್’. ಇನ್ನೊಂದು, ಅದರೊಳಗೆ ಒಂದು ಅಧ್ಯಾಯವಾಗಿ ಬರುವ ‘ಡೌನ್‌ಟೌನ್ ರಿವೈಟಲೈಸೇಷನ್’. ‘ಸಮಗ್ರ ಯೋಜನೆಯಡಿ ನಗರ ಕೇಂದ್ರದ ಪುನಶ್ಚೇತನ’ ಅಂತ ಬರೆದು ಮುಂದೆ ಹೋಗಬಹುದು. ಆದರೆ ಓದಿದವರಿಗೆ ಯಾವ ಬೀದಿಯೂ ಕಣ್ಣಿಗೆ ಬರುವುದಿಲ್ಲ.

ಮೊದಲು ಪ್ಲಾನ್ ವಿಷಯ. ಇನ್ನು ಸುಮಾರು 20 ವರ್ಷದಲ್ಲಿ ಊರು ಹೇಗೆ ಬೆಳೆಯಬೇಕು, ಮನೆ ಎಲ್ಲಿ, ಅಂಗಡಿ ಎಲ್ಲಿ, ರಸ್ತೆ, ನೀರು, ಪಾರ್ಕು ಎಲ್ಲಿ ಅಂತ ಒಟ್ಟಿಗೆ ಬರೆದಿಡುವ ದಾಖಲೆ ಅದು. ಅಲ್ಲೂ ಹೆಸರು ಒಂದೇ ಅಲ್ಲ. 1928ರ ಮಾದರಿ ಕಾನೂನು ಅದನ್ನು ‘ಮಾಸ್ಟರ್ ಪ್ಲಾನ್’ ಅಂದಿತು, ಕ್ಯಾಲಿಫೋರ್ನಿಯಾದಲ್ಲಿ ಅದು ‘ಜನರಲ್ ಪ್ಲಾನ್’. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಮೊದಲು ಎರಡು ಹಂತ ಇದ್ದವು: ಔಟ್‌ಲೈನ್ ಡೆವಲಪ್‌ಮೆಂಟ್ ಪ್ಲಾನ್, ಆಮೇಲೆ ಕಾಂಪ್ರಿಹೆನ್ಸಿವ್ ಡೆವಲಪ್‌ಮೆಂಟ್ ಪ್ಲಾನ್ (ಸಿಡಿಪಿ). ತಿದ್ದುಪಡಿಯಾದ ಮೇಲೆ ಎರಡೂ ಹೋಗಿ ಮಾಸ್ಟರ್ ಪ್ಲಾನ್ ಒಂದೇ ಉಳಿಯಿತು. ಆದರೂ ಸೈಟು ನೋಡಲು ಹೋದವರು ಇವತ್ತಿಗೂ ಕೇಳುವುದು ‘ಸಿಡಿಪಿಯಲ್ಲಿ ಯೆಲ್ಲೋ ಇದೆಯಾ, ಗ್ರೀನ್ ಇದೆಯಾ’ ಅಂತಲೇ, ಅಂದರೆ ನಕ್ಷೆಯಲ್ಲಿ ಮನೆಗೆ ಬಿಟ್ಟ ಹಳದಿ ಜಾಗವಾ, ಹಸಿರಾಗಿ ಉಳಿಸಬೇಕಾದ ಜಾಗವಾ ಅಂತ. ಕಾನೂನು ಬಿಟ್ಟರೂ ಜನ ಬಿಡಲಿಲ್ಲ.

‘ಸಮಗ್ರ ಯೋಜನೆ’ ನನಗೆ ಒಗ್ಗದಿರುವುದಕ್ಕೆ ಕಾರಣ ಇದೆ. ಯೋಜನೆ ಅಂದರೆ ನಮ್ಮಲ್ಲಿ ಪ್ಲಾನೂ ಹೌದು, ಸ್ಕೀಮೂ ಹೌದು, ಪ್ರಾಜೆಕ್ಟೂ ಹೌದು. ವಸತಿ ಯೋಜನೆ, ನೀರಾವರಿ ಯೋಜನೆ, ಪಂಚವಾರ್ಷಿಕ ಯೋಜನೆ. ‘ನಗರ ಯೋಜನೆಯ ಸಮಗ್ರ ಯೋಜನೆಯಲ್ಲಿ ಪುನಶ್ಚೇತನ ಯೋಜನೆ’ ಅಂತ ಬರೆದರೆ ಓದುವವರು ಅಲ್ಲೇ ಪುಟ ಮುಚ್ಚುತ್ತಾರೆ.

ಸರಿ, ಮಾಸ್ಟರ್ ಪ್ಲಾನ್ ಅಂತಲೇ ಬಿಡೋಣ ಅಂದರೆ ಅಲ್ಲೊಂದು ಮುಳ್ಳಿದೆ. ನಮ್ಮ ಎಷ್ಟೋ ಊರುಗಳಲ್ಲಿ ಈ ಮಾತಿಗೆ ರಸ್ತೆ ಅಗಲ ಮಾಡುವುದು ಅಂತಲೇ ಅರ್ಥ ನಿಂತಿದೆ. ‘ಮಾಸ್ಟರ್ ಪ್ಲಾನಲ್ಲಿ ನಮ್ಮ ಅಂಗಡಿ ಅರ್ಧ ಹೋಯ್ತು’ ಅನ್ನುತ್ತಾರೆ. ಗೋಡೆ ಮೇಲೆ ಕೆಂಪು ಗುರುತು, ಆಮೇಲೆ ಜೆಸಿಬಿ. ಹಾಗಾಗಿ ಪೇಟೆ ಉಳಿಸುವ ಅಧ್ಯಾಯವನ್ನು ‘ಮಾಸ್ಟರ್ ಪ್ಲಾನ್’ ಅನ್ನುವ ತಲೆಬರಹದಡಿ ಹಾಕಿದರೆ ಅಂಗಡಿಯವರ ಎದೆ ಧಸಕ್ ಅನ್ನೋದು ಸಹಜ ಅಲ್ವಾ?

ಡೌನ್‌ಟೌನ್‌ಗೆ ನಾನು ‘ಪೇಟೆ’ ಅಂತಲೇ ಬರೆಯುತ್ತಿದ್ದೇನೆ. ಮೂಲ ಮಾತು ನ್ಯೂಯಾರ್ಕಿನದು. ಮ್ಯಾನ್‌ಹಟನ್ ದ್ವೀಪದ ತೆಂಕಣ ತುದಿಯಲ್ಲಿ ಹಳೇ ಊರು, ವ್ಯಾಪಾರ ಎಲ್ಲ ಇತ್ತು. ಬಡಗಣ ಕಡೆಗೆ ಮನೆಗಳು ಬೆಳೆದವು. ಅಲ್ಲಿನವರು ‘ಕೆಳಗೆ’ ಹೋಗಿಬರುತ್ತಿದ್ದರು, ಅದೇ ಹೆಸರಾಯಿತು. ನಮಗೆ ಆ ಮೇಲು ಕೆಳಗು ಬೇಡ. ಪೇಟೆ ಅಂದರೆ ಬರೀ ವ್ಯಾಪಾರ, ಡೌನ್‌ಟೌನಿನಲ್ಲಿ ಮನೆ, ಕಚೇರಿ, ಕೋರ್ಟು ಎಲ್ಲ ಇರುತ್ತದಲ್ಲ ಅಂತ ಒಬ್ಬರು ತಕರಾರು ತೆಗೆದರು. ಬೆಂಗಳೂರಿನ ಹಳೇ ಪೇಟೆಗಳನ್ನು ನೋಡಿ: ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ. ಕೆಳಗೆ ಅಂಗಡಿ, ಮೇಲೆ ಮನೆ, ಬೀದಿ ಕೊನೆಗೆ ಗುಡಿ. ಯೋಜಕರು ಈಗ ‘ಮಿಶ್ರ ಬಳಕೆ’ ಅಂತ ದೊಡ್ಡ ಹೆಸರಿಟ್ಟು ಹೇಳುವುದು ಇದನ್ನೇ. ‘ನಗರ ಕೇಂದ್ರ’ ಅಂದರೆ ನನಗಂತೂ ಆರೋಗ್ಯ ಕೇಂದ್ರದ ಬೋರ್ಡು ಕಂಡ ಹಾಗಾಗುತ್ತದೆ. ಆದರೆ ಮಲೆನಾಡು, ಕರಾವಳಿ ಕಡೆ ಪೇಟೆ ಅಂದರೆ ಇಡೀ ಊರು. ಹಳ್ಳಿಯವರು ‘ಪೇಟೆಗೆ ಹೋಗಿ ಬರ್ತೇನೆ’ ಅನ್ನುತ್ತಾರೆ. ಅಲ್ಲಿಯವರಿಗೆ ಇದು ಹೇಗೆ ಕೇಳಿಸುತ್ತದೆ, ತಿಳಿಸಿ.

ಇನ್ನು ರಿವೈಟಲೈಸೇಷನ್. ಇಲ್ಲಿ ಮಾತು ತಪ್ಪಿದರೆ ಅರ್ಥವೇ ತಲೆಕೆಳಗು. ಅಮೆರಿಕದಲ್ಲಿ 1949ರ ವಸತಿ ಕಾಯ್ದೆಯ ನಂತರ ‘ಅರ್ಬನ್ ರಿನ್ಯೂವಲ್’ ಹೆಸರಿನಲ್ಲಿ ಕೇರಿಗೆ ಕೇರಿಯೇ ನೆಲಸಮವಾದವು. ಬಾಸ್ಟನ್ನಿನ ವೆಸ್ಟ್ ಎಂಡ್ ಹಾಗೆ ಹೋದದ್ದು. ಅದಕ್ಕೆ ಪೂರಾ ಎದುರು ದಾರಿ 1977ರಲ್ಲಿ ಶುರುವಾದ ‘ಮೇನ್ ಸ್ಟ್ರೀಟ್’ ಪ್ರಯೋಗ. ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಅನ್ನುವ ಮೂರು ಸಣ್ಣ ಊರುಗಳಲ್ಲಿ. ಊರಾಚೆ ದೊಡ್ಡ ಮಾಲ್‌ಗಳು ಬಂದು ಪೇಟೆಬೀದಿ ಬಿಕೋ ಅನ್ನುತ್ತಿದ್ದ ಕಾಲ ಅದು. ಪ್ರಯೋಗ ನಡೆಸಿದವರು ಏನನ್ನೂ ಕೆಡವಲು ಹೋಗಲಿಲ್ಲ. ಅಂಗಡಿಯವರನ್ನು ಒಟ್ಟಿಗೆ ಕೂರಿಸಿದರು, ಬೀದಿಯಲ್ಲಿ ಹಬ್ಬ ಸಂತೆ ನಡೆಸಿದರು. ಇಂಥ ಕೆಲಸ ನಡೆದ ಎಷ್ಟೋ ಕಡೆ ಹಳೇ ಇಟ್ಟಿಗೆ ಕಟ್ಟಡಗಳಿಗೆ ‘ಮಾಡರ್ನ್’ ಕಾಣಲಿ ಅಂತ ಹೊಡೆದಿದ್ದ ಅಲ್ಯೂಮಿನಿಯಂ ಹಾಳೆ ಕಿತ್ತರೆ, ಒಳಗೆ ಕಮಾನು ಕಿಟಕಿ ಹಾಗೇ ಇರುತ್ತಿದ್ದವು.

ಈ ಎರಡಕ್ಕೂ ನಮ್ಮ ಪತ್ರಿಕೆಗಳಲ್ಲಿ ‘ಪುನರಾಭಿವೃದ್ಧಿ’ ಅಂತಲೇ ಬರುತ್ತದೆ. (ಸಂಧಿ ಪ್ರಕಾರ ಅದು ‘ಪುನರಭಿವೃದ್ಧಿ’ ಆಗಬೇಕು, ಇರಲಿ.) ಕೆಡವಿ ಕಟ್ಟುವುದಕ್ಕೆ ಅದನ್ನೇ ಬಿಟ್ಟುಕೊಡೋಣ. ‘ನವೀಕರಣ’ ಲೈಸೆನ್ಸ್ ಪಾಲಾಗಿದೆ. ‘ಪುನಶ್ಚೇತನ’ ಕೆರೆಗೂ ಸಕ್ಕರೆ ಕಾರ್ಖಾನೆಗೂ ನಡೆಯುತ್ತದೆ, ಶೀರ್ಷಿಕೆಗೆ ಸಾಕು. ‘ಜೀರ್ಣೋದ್ಧಾರ’ ಅರ್ಥದಲ್ಲಿ ತುಂಬ ಹತ್ತಿರ, ಇದ್ದದ್ದನ್ನು ಇಟ್ಟುಕೊಂಡೇ ಸರಿಪಡಿಸುವುದು. ಆದರೆ ಅದು ಗುಡಿ ಬಿಟ್ಟು ಬೀದಿಗೆ ಇಳಿಯುವುದಿಲ್ಲ.

ಓದುವ ಬರಹದ ನಡುವೆ ನಾನು ಬಳಸುತ್ತಿರುವುದು ‘ಪೇಟೆಗೆ ಮತ್ತೆ ಕಳೆ ತರುವುದು’. ಹಬ್ಬದ ಹಿಂದಿನ ದಿನ ‘ಮಾರುಕಟ್ಟೆ ಕಳೆಗಟ್ಟಿತು’ ಅಂತ ಪತ್ರಿಕೆಗಳೇ ಬರೆಯುತ್ತವಲ್ಲ, ಅದೇ ಕಳೆ. ಜನ ಬರಬೇಕು, ವ್ಯಾಪಾರ ಆಗಬೇಕು, ಎರಡೂ ಅದರಲ್ಲಿದೆ. ಅಂಗಡಿಗಳ ಮುಖಭಾಗಕ್ಕೆ ‘ಮುಂಗಟ್ಟು’ ಅಂತ ಬರೆದೆ. ‘ಅಂಗಡಿ ಮುಂಗಟ್ಟು’ ಅಂತ ಜೋಡಿಯಾಗಿ ಹೇಳಿ ಹೇಳಿ ಅದರ ಅರ್ಥವನ್ನೇ ಮರೆತಿದ್ದೇವೆ.

ಈಗ ನಿಮ್ಮಿಂದ ಬೇಕಾದದ್ದು: ಕಾಯ್ದೆಯ ಅರ್ಥದ ಪ್ಲಾನಿಗೆ ‘ಮಹಾಯೋಜನೆ’ ಅಂತ ಸರ್ಕಾರಿ ಕಾಗದದಲ್ಲಿ ಇದೆ. ಅದನ್ನು ಬಿಟ್ಟು ‘ಊರ ನಕ್ಷೆ’ ಥರದ ಹಗುರ ಮಾತು ಯಾರಾದರೂ ಬಳಸಿದ್ದೀರಾ? ಮತ್ತೆ ಧಾರವಾಡ, ಕಲಬುರಗಿ ಕಡೆಯವರು ಹೇಳಬೇಕು, ಅಲ್ಲಿ ‘ಸೂಪರ್ ಮಾರ್ಕೆಟ್’ ಅನ್ನುವುದೇ ಊರ ನಡುವಿನ ಜಾಗದ ಹೆಸರು. ಹಾಗಿದ್ದಾಗ ‘ಪೇಟೆ’ ಅಂದರೆ ನಿಮಗೆ ಏನು ಕಾಣುತ್ತದೆ?