ಓದುಗರ ಸ್ಪಂದನ: ‘ದೂರದಿಂದ ಅಕ್ಕಾ, ಬಾಯಿ ತೆರೆದರೆ ಅಣ್ಣಾ’

ಕಳೆದ ಸಂಚಿಕೆಯಲ್ಲಿ ಹುಬ್ಬಳ್ಳಿಯ ಓದುಗರೊಬ್ಬರು ತಮ್ಮ ಕಷ್ಟ ಬರೆದಿದ್ದರು. ಹುಟ್ಟಿದಾಗ ಗಂಡು ಎಂದು ಬರೆಸಿದ್ದರೂ ಅವರು ಹೆಣ್ಣಾಗಿ ಬದುಕತೊಡಗಿದ್ದಾರೆ. ವೈದ್ಯರ ನಿಗಾದಲ್ಲಿ ಹಾರ್ಮೋನ್ ಚಿಕಿತ್ಸೆ ನಡೆದಿದೆ. ದುರ್ಗದಬೈಲಿನಲ್ಲಿ, ಬಸ್ಸಿನಲ್ಲಿ ದೂರದಿಂದ ‘ಅಕ್ಕಾ’ ಎಂದವರೇ ಹತ್ತಿರ ಬಂದು ಮಾತಾಡಿದ ಮೇಲೆ ‘ಅಣ್ಣಾ’ ಎನ್ನುತ್ತಾರೆ. ಯಾರೂ ತಿರುಗಿ ನೋಡದ ಹಾಗೆ ಸಂತೆ ಮಾಡಿಕೊಂಡು ಬರುವುದು ಹೇಗೆ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವನ್ನು ಕೊಡುತ್ತಿದ್ದೇವೆ. ಮೊದಲನೆಯದನ್ನು ಮೊಟಕುಗೊಳಿಸಲು ಮನಸ್ಸಾಗಲಿಲ್ಲ.

ತಂಗೀ,

ನಿನ್ನ ಪತ್ರ ಓದಿ ಮಾದಿದ್ದ ಗಾಯ ಮತ್ತ ಹಸಿ ಆತು. ನನ್ನ ಕಥಿ ಇಲ್ಲಿ ಬ್ಯಾಡ, ನಿನಗ ಉಪಯೋಗ ಬೀಳೂದಷ್ಟ ಬರೀತೀನಿ. ದೂರದಿಂದ ಅಕ್ಕಾ, ಬಾಯಿ ತಗದ್ರ ಅಣ್ಣಾ ಅಂತ ನೀನ ಬರದಿ. ಹಂಗಂದ್ರ ಮಂದಿ ಕಣ್ಣು ನಿನ್ನ ಒಪ್ಪಿ ಆಗೈತಿ, ಕಿವಿ ಒಂದು ಉಳದೈತಿ. ಸೀರಿ, ಪೌಡರಿಗೆ ಇನ್ನ ರೊಕ್ಕಾ ಸುರೀಬ್ಯಾಡ. ದನಿ ಹಿಡಿ.

ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಎಷ್ಟು ವರ್ಷ ತಗೊಂಡ್ರೂ ದನಿ ಬದಲಾಗಂಗಿಲ್ಲ. ಹರೇಕ್ಕ ಬಂದಾಗ ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್ ಧ್ವನಿತಂತು ದಪ್ಪ ಮಾಡಿಬಿಟ್ಟಿರತೈತಿ, ಗುಳಿಗಿಗೆ ಅವು ಮತ್ತ ತೆಳ್ಳಗ ಆಗಂಗಿಲ್ಲ. ಆಪರೇಷನ್ ಐತಿ ಖರೆ, ಅದು ಶ್ರುತಿ ಅಷ್ಟ ಏರಸತೈತಿ. ಮಾತಿನ ರೀತಿ ನೀನ ರೂಢಿ ಮಾಡ್ಕೋಬೇಕು.

ಬಹಳ ಮಂದಿ ತಪ್ಪೂದು ಇಲ್ಲೆ. ಶ್ರುತಿ ಅಷ್ಟ ಏರಿಸಿ ಕಳ್ಳದನಿಯಾಗ ಮಾತಾಡ್ತಾರ. ನಾಕು ಮಾತಿಗೆ ಗಂಟಲ ಒಣಗತೈತಿ, ಕೇಳಿದವರು ಇನ್ನಷ್ಟು ತಿರುಗಿ ನೋಡ್ತಾರ. ಗಂಡಸರ ಮಾತು ಸಾಮಾನ್ಯ 100ರಿಂದ 130 ಹರ್ಟ್ಜ್, ಹೆಣ್ಣುಮಕ್ಕಳದು 180ರಿಂದ 220. ನಿನಗ 220 ಬೇಕಾಗಿಲ್ಲ. 165–180ರಾಗ ನಿಂತ್ರೂ ಸಾಕು, ದನಿ ಎದಿಯಾಗ ಮೊಳಗೂದು ಬಿಟ್ಟು ಬಾಯಿ ಮುಂದಕ್ಕ ಬಂದ್ರ. ಎದಿ ಮ್ಯಾಲೆ ಅಂಗೈ ಇಟ್ಟು ‘ಆ’ ಅನ್ನು, ಗುಂಯ್ ಅಂತ ಅದರತೈತಿ. ಆ ಅದುರು ಕಡಿಮಿ ಮಾಡೂದ ಕೆಲಸ.

ಮೊದಲ ಗಂಟಲ ಸಡಲ ಮಾಡ್ಕೋ. ಲೋಟದಾಗ ಎರಡು ಬೆರಳು ನೀರು ಹಾಕಿ, ಸ್ಟ್ರಾ ಅದ್ದಿ, ಗುಳ್ಳಿ ಎಬ್ಬಿಸಿಕೋತ ದನಿ ಕೆಳಗಿಂದ ಮ್ಯಾಲೆ, ಮ್ಯಾಲಿಂದ ಕೆಳಗ ಜಾರಸು. ಮೂರು ನಾಕು ನಿಮಿಷ ಸಾಕು. ಆಮ್ಯಾಲೆ ಗಂಟಲದ ಉಬ್ಬಿನ ಮ್ಯಾಲೆ ಬೆರಳಿಟ್ಟು ಉಗುಳು ನುಂಗು. ಅದು ಮ್ಯಾಲೆ ಹೋಗೂದು ತಿಳೀತೈತಿ. ಅದರ ಅರ್ಧಾ ಎತ್ತರಕ್ಕ ಹಗರಕ ನಿಲ್ಲಿಸಿ ಪಿಸುಮಾತಿನ್ಯಾಗ ‘ಹೀ’ ಅನ್ನು. ಪಿಸುಮಾತು ಸಣ್ಣಾತು ಅಂದ್ರ ಜಾಗಾ ಸರಿ ಸಿಕ್ಕೈತಿ. ಅಲ್ಲೇ ದನಿ ಕೂಡಸು: ಮೊದಲ ‘ಹೀ’, ಆಮ್ಯಾಲೆ ‘ಹೀಂಗ’, ಆಮ್ಯಾಲೆ ‘ಹೀಂಗ್ಯಾಕ್ರೀ’. ಮುಂಜಾನಿ ಹದಿನೈದು ನಿಮಿಷ, ಸಂಜಿಕ ಹದಿನೈದು. ಒಮ್ಮಿಗೇ ಗಂಟೆಗಟ್ಟಲೆ ಕುಂತ್ರ ಗಂಟಲ ಬಿಗೀತೈತಿ, ತಪ್ಪು ರೂಢಿ ಆಗತೈತಿ. ನೋವಾದ್ರ ಅವತ್ತಿಗೆ ಬಿಡು. ದನಿ ಒಡದದ್ದು ಎರಡು ವಾರ ಆದ್ರೂ ಹೋಗಲಿಲ್ಲಂದ್ರ ಕಿವಿ-ಮೂಗು-ಗಂಟಲ ಡಾಕ್ಟರಿಗೆ ತೋರಸು. ವಾಕ್ ಚಿಕಿತ್ಸಕರು ಸಿಕ್ರ ಎಲ್ಲಾಕಿಂತ ಚಲೋ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೊಳಗ ದನಿ ತಜ್ಞರು ಅದಾರ.

ಫೋನಿನ್ಯಾಗ ಶ್ರುತಿ ತೋರಿಸೋ ಆ್ಯಪ್ ಪುಕ್ಕಟ ಸಿಗತಾವ. ಆದ್ರ ಅಂಕಿ ನೋಡಿ ಖುಷಿ ಪಡಬ್ಯಾಡ. ರೆಕಾರ್ಡ್ ಮಾಡಿ ಮರುದಿನ ಕೇಳು, ಕಿವಿ ಅವಾಗ ಖರೆ ಹೇಳತೈತಿ. ಸಂತಿಗೆ ಬೇಕಾಗೂ ಮಾತು ಏನು ಮಹಾ ಇರತಾವ? ‘ಸಿವುಡಿಗೆ ಎಷ್ಟ್ರೀ’, ‘ಅರ್ಧಾ ಕಿಲೋ ಹಾಕ್ರೀ’, ‘ಚಿಲ್ಲರ ಇಲ್ರೀ’. ಇಷ್ಟನ್ನ ಬಾಯಾಗ ಕುಂದ್ರಿಸಿಕೊಂಡು ಮನಿ ಬಿಡು. ನಮ್ಮ ಕಡೆ ‘ರೀ’ ಎಳದು ಮ್ಯಾಲೆತ್ತೂ ರೂಢಿ ಐತೆಲಾ, ಅದು ನಿನಗ ದೊಡ್ಡ ಆಸರ. ಗಂಡಸರು ಮಾತು ಮುಗಸೂವಾಗ ದನಿ ಕೆಳಗ ಬಿಡ್ತಾರ. ನೀ ‘ರೀ’ ಮ್ಯಾಲೆ ನಿಲ್ಲಸು. ಮೊದಲ ಶಬ್ದ ಸರಿ ಬಿದ್ರ ಮುಂದಿನ ಮಾತಿನ್ಯಾಗ ಸಣ್ಣ ತಪ್ಪು ಯಾರಿಗೂ ಗೊತ್ತಾಗಂಗಿಲ್ಲ. ಕೆಮ್ಮು, ಸೀನು, ನಗಿ ಕಡೀಗೆ ಬರತಾವ, ಅವಕ್ಕೂ ರೂಢಿ ಬೇಕು. ಇದಕ್ಕ ತಿಂಗಳುಗಟ್ಟಲೆ ಹಿಡೀತೈತಿ. ಎದಿ ಗುಂದಬ್ಯಾಡ.

— ಹೆಸರು ಬೇಡ ಎಂದಿರುವವರು, ಧಾರವಾಡ

ಇದಕ್ಕೆ ತೀರ ವಿರುದ್ಧವಾದ ಪತ್ರ ಹಾವೇರಿಯಿಂದ ಬಂದಿದೆ. ಪೂರ್ತಿಯಾಗಿ ಇಷ್ಟೇ:

ವ್ಯಕ್ತಿಯ ಲಿಂಗ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಹೇಳಿದೆ. ಕಾಯಿಪಲ್ಲೆ ಮಾರುವವನ ಒಪ್ಪಿಗೆ ಬೇಡುತ್ತ ನಿಲ್ಲಬೇಡಿ.

— ವಕೀಲರು, ಹಾವೇರಿ

ಮಾತಿನಲ್ಲಿ ಹುರುಳಿದೆ. ಆದರೆ ಸಂಜೆಗತ್ತಲಲ್ಲಿ ಒಬ್ಬರೇ ಮನೆಗೆ ನಡೆಯುವವರಿಗೆ ಯಾರ ಕಣ್ಣಿಗೂ ಬೀಳದಿರುವುದು ಒಪ್ಪಿಗೆಯ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ಗದಗಿನ ಈ ಪತ್ರ ನೇರ ಕೆಲಸದ್ದು.

ಮಾತಿಗೆ ಮುಂಚೆ ಹತ್ತಿರದಿಂದ ಕಾಣುವುದು ಗಡ್ಡದ ಹಸಿರು ನೆರಳು. ನುಣ್ಣಗೆ ಬೋಳಿಸಿದರೂ ಚರ್ಮದ ಕೆಳಗಿನ ಕಪ್ಪು ಕೂದಲು ಹಾಗೆ ಕಾಣುತ್ತದೆ. ಅದರ ಮೇಲೆ ನೇರವಾಗಿ ಫೌಂಡೇಶನ್ ಬಳಿದರೆ ಬಿಸಿಲಲ್ಲಿ ಬೂದಿ ಬಣ್ಣ ಬರುತ್ತದೆ. ಬಿಸಿನೀರಿನ ಬಟ್ಟೆ ಒತ್ತಿ, ಕೂದಲು ಬೆಳೆದ ದಿಕ್ಕಿಗೇ ಬೋಳಿಸಿ, ಹತ್ತು ನಿಮಿಷ ಬಿಟ್ಟು ಮಾಯಿಶ್ಚರೈಸರ್ ಹಚ್ಚಿ. ಆಮೇಲೆ ಮೇಲ್ತುಟಿ, ಗದ್ದ, ದವಡೆಯ ಮೇಲೆ ಮಾತ್ರ ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ತಟ್ಟಿ. ಉಜ್ಜಬೇಡಿ, ಉಜ್ಜಿದರೆ ಎದ್ದು ಬರುತ್ತದೆ. ಅದರ ಮೇಲೆ ಪುಡಿ, ಪುಡಿಯ ಮೇಲೆ ಕತ್ತಿನ ಬಣ್ಣಕ್ಕೆ ಹೊಂದುವ ಫೌಂಡೇಶನ್, ಮತ್ತೆ ಒಂದಿಷ್ಟು ಪುಡಿ. ಕನ್ನಡಿಯನ್ನು ಕಿಟಕಿಯ ಬಳಿ ಒಯ್ದು ನೋಡಿ. ಟ್ಯೂಬ್‌ಲೈಟ್ ಮೋಸ ಮಾಡುತ್ತದೆ.

ಬಹುಕಾಲ ನಿಲ್ಲುವ ದಾರಿ ಲೇಸರ್. ನಮ್ಮ ಗೋಧಿ ಮತ್ತು ಕಪ್ಪು ಮೈಬಣ್ಣಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಏಕೆಂದರೆ ಚರ್ಮದ ಬಣ್ಣ ಅದನ್ನು ಕಡಿಮೆ ಹೀರುತ್ತದೆ. ಯಂತ್ರ ಯಾವುದು ಎಂದು ಕೇಳಿಯೇ ಕುಳಿತುಕೊಳ್ಳಿ. ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರರಿಂದ ಎಂಟು ಸಲ. ಗಡ್ಡಕ್ಕೆ ಅದಕ್ಕಿಂತಲೂ ಹೆಚ್ಚು ಬೇಕಾಗಬಹುದು. ಹಿಂದಿನ ನಾಲ್ಕು ವಾರ ದಾರ ಹಾಕಿಸುವುದು, ವ್ಯಾಕ್ಸ್, ಚಿಮಟ ಯಾವುದೂ ಕೂಡದು. ಬೇರು ಕಿತ್ತುಹೋದರೆ ಲೇಸರ್ ಸುಡುವುದು ಏನನ್ನು? ಬ್ಲೇಡ್ ಮಾತ್ರ ಸರಿ. ಬಿಳಿ ಕೂದಲಿಗೆ ಲೇಸರ್ ತಾಗದು, ಅದಕ್ಕೆ ಸೂಜಿಯಿಂದ ಒಂದೊಂದೇ ಬೇರಿಗೆ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಒಂದೇ. ಮುಗಿದ ಮೇಲೆ ಏಪ್ರಿಲ್ ಬಿಸಿಲಲ್ಲಿ ಸನ್‌ಸ್ಕ್ರೀನ್ ಇಲ್ಲದೆ ತಿರುಗಿದರೆ ಕಪ್ಪು ಕಲೆ ಕೂರುತ್ತದೆ, ಹೋಗಲು ತಿಂಗಳುಗಳೇ ಬೇಕು.

— ಬ್ಯೂಟಿ ಪಾರ್ಲರ್ ನಡೆಸುವವರು, ಗದಗ

ಬಟ್ಟೆಯ ಬಗ್ಗೆ ಬಂದ ಪತ್ರಗಳೇ ಹೆಚ್ಚು. ಹೊಲಿಯುವ ಕೈ ಬರೆದದ್ದು ಒಂದನ್ನು ಆರಿಸಿದ್ದೇವೆ.

ಭುಜ ಅಗಲ ಇದ್ದವರು ಬೋಟ್ ನೆಕ್ ಹೊಲಿಸಬಾರದು, ಪಫ್ ತೋಳು ಬೇಡವೇ ಬೇಡ. ‘ವಿ’ ಅಥವಾ ಆಳವಾದ ‘ಯು’ ಕೊರಳು, ಮೊಳಕೈವರೆಗೆ ತೋಳು ಇರಲಿ. ಭುಜದ ಹೊಲಿಗೆ ಮೂಳೆಯ ತುದಿಗಿಂತ ಅರ್ಧ ಇಂಚು ಒಳಗೆ ಕೂತರೆ ಭುಜ ಚಿಕ್ಕದಾಗಿ ಕಾಣುತ್ತದೆ. ಅಳತೆ ಕೊಡುವಾಗ ಯಾವ ಬ್ರಾ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಬರಬೇಕು, ಇಲ್ಲದಿದ್ದರೆ ಕುಬಸದ ಡಾರ್ಟ್ ಜಾಗ ತಪ್ಪುತ್ತದೆ. ಸೊಂಟ ಕಾಣಿಸಬೇಕೆಂದು ಬಿಗಿ ಹೊಲಿಸಬೇಡಿ. ಚೂಡಿದಾರದ ಟಾಪಿಗೆ ಸೊಂಟದಿಂದ ಕೆಳಗೆ ಘೇರು ಕೊಟ್ಟರೆ ಅದೇ ಕೆಲಸವಾಗುತ್ತದೆ. ಚಪ್ಪಲಿ ದೊಡ್ಡ ಅಳತೆಯಲ್ಲಿ ಸಿಗದಿದ್ದರೆ ಕೊಲ್ಹಾಪುರಿ ನೋಡಿ.

ಇನ್ನೊಂದು ಮಾತು. ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರನ್ನು ಕಂಡೇ ಬೆಳೆದ ಸೀಮೆ ಇದು. ದೊಡ್ಡ ಅಂಚಿನ ಇಳಕಲ್ ಸೀರೆ, ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ ಮೂರೂ ಕೂಡಿದರೆ ಜನ ಆ ಭಾವದಿಂದಲೇ ಕೈಮುಗಿಯಬಹುದು. ಅದು ಅವಮಾನವಲ್ಲ, ಆದರೆ ಇವರು ಕೇಳಿದ್ದೂ ಅದನ್ನಲ್ಲ. ತಮ್ಮ ಓಣಿಯಲ್ಲಿ ತಮ್ಮ ವಯಸ್ಸಿನ ಹೆಣ್ಣುಮಕ್ಕಳು ಬುಧವಾರ ಬೆಳಿಗ್ಗೆ ಏನು ಹಾಕಿಕೊಂಡು ಹಾಲಿಗೆ ಬರುತ್ತಾರೋ ಅದನ್ನೇ ಹಾಕಲಿ.

— ಲೇಡೀಸ್ ಟೇಲರ್, ಹಳೇ ಹುಬ್ಬಳ್ಳಿ

ಬಸ್ಸಿನ ಪ್ರಸ್ತಾಪಕ್ಕೆ ಒಬ್ಬರು ಬೇರೆಯೇ ಬಗೆಯ ಉತ್ತರ ಕೊಟ್ಟಿದ್ದಾರೆ.

2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ ಮಹಿಳೆಯರಿಗಷ್ಟೇ ಅಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ಜಗಳ ಹುಟ್ಟುವುದು ಮುಖ ನೋಡಿ ಅಲ್ಲ, ಕಾರ್ಡ್ ನೋಡಿ. ಹಳೆಯ ಹೆಸರು, ಹಳೆಯ ಫೋಟೊ ಇದ್ದರೆ ನಿರ್ವಾಹಕರು ನಾಲ್ಕು ಜನರ ಮುಂದೆ ಪ್ರಶ್ನೆ ಕೇಳುತ್ತಾರೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ನೀಡುವ ಗುರುತಿನ ಚೀಟಿಗೆ ಅರ್ಜಿ ಹಾಕಿ; ಹಾಕುವ ಮುನ್ನ ಈಗ ಜಾರಿಯಲ್ಲಿರುವ ನಿಯಮವನ್ನು ಕಚೇರಿಯಲ್ಲೇ ಕೇಳಿ ತಿಳಿಯಿರಿ. ಆಧಾರ್ ಅದರ ನಂತರ. ಆಧಾರ್‌ನಲ್ಲಿ ಲಿಂಗದ ತಿದ್ದುಪಡಿಗೆ ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರಿಗೆ ಎರಡು. ಹಾಗಾಗಿ ಯಾವ ಕಾಲಂ ಎಂದು ತೀರ್ಮಾನಿಸಿಯೇ ಹೋಗಿ. ಅಲ್ಲಿಯವರೆಗೆ ತಂಟೆ ಬೇಡವೆನಿಸಿದರೆ ಟಿಕೆಟ್ ತೆಗೆಸಿ, ಚಿಲ್ಲರೆ ಕೈಯಲ್ಲಿ ಸಿದ್ಧವಿರಲಿ.

— ಓದುಗರು, ಹುಬ್ಬಳ್ಳಿ

ಔಷಧ ಅಂಗಡಿಯವರ ಈ ಎಚ್ಚರಿಕೆ ನಮ್ಮ ಪತ್ರಲೇಖಕಿ ಕೇಳಿದ್ದಲ್ಲ. ಓದುವ ಇತರರಿಗೆ ಬೇಕಾದೀತು.

ಬೇಗ ಹೆಣ್ಣಾಗಿ ಕಾಣಬೇಕೆಂದು ಮಾಲಾ-ಡಿಯಂಥ ಗರ್ಭನಿರೋಧಕ ಗುಳಿಗೆಗಳನ್ನು ಹಿಡಿಗಟ್ಟಲೆ ನುಂಗುವವರಿದ್ದಾರೆ. ಅದರಲ್ಲಿರುವುದು ಎಥಿನೈಲ್ ಈಸ್ಟ್ರಾಡಿಯೋಲ್. ಅದು ರಕ್ತ ಹೆಪ್ಪುಗಟ್ಟಿಸುವ ಅಪಾಯವನ್ನು ಹೆಚ್ಚಿಸುತ್ತದೆ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಮೀನಖಂಡ ಊದಿ ನೋವು, ಒಮ್ಮೆಲೇ ಉಬ್ಬಸ ಬಂದರೆ ನೇರ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಬರೆಯುವ ಈಸ್ಟ್ರಾಡಿಯೋಲ್ ಬೇರೆ. ಜೊತೆಗೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಪೊಟ್ಯಾಶಿಯಂ ಮತ್ತು ಕಿಡ್ನಿ ಪರೀಕ್ಷೆ ತಪ್ಪಿಸಬೇಡಿ. ಅದು ಮೂತ್ರವನ್ನೂ ಹೆಚ್ಚಿಸುತ್ತದೆ, ಪೇಟೆಯಲ್ಲಿ ಶೌಚಾಲಯದ ಅಂಜಿಕೆಯಿಂದ ನೀರು ಕುಡಿಯದೆ ಇರಬೇಡಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮೈಚರ್ಮ ಮೆದುವಾಗಲು ಮೂರರಿಂದ ಆರು ತಿಂಗಳು, ಎದೆ ಪೂರ್ತಿ ಬೆಳೆಯಲು ಎರಡು ಮೂರು ವರ್ಷ. ಡೋಸ್ ಇಮ್ಮಡಿ ಮಾಡಿದರೆ ಈ ಲೆಕ್ಕ ಅರ್ಧವಾಗುವುದಿಲ್ಲ.

— ಫಾರ್ಮಸಿಸ್ಟ್, ಬೆಟಗೇರಿ

ಕೊನೆಯ ಪತ್ರ ಪ್ರಶ್ನೆ ಕೇಳಿದವರಿಗಲ್ಲ, ಅವರ ಮನೆಯವರಿಗೆ. ನಮಗೆ ಇದು ಮೊದಲೇ ಬರಬೇಕಿತ್ತು ಎನಿಸಿತು.

ಆಕಿ ಎಷ್ಟ ಚಂದ ಉಟ್ಟು, ಎಷ್ಟ ಚಂದ ಮಾತಾಡಿದ್ರೂ, ಜೋಡಿ ಬಂದ ಅವ್ವ ‘ಅವ ತಗೋತಾನ್ರಿ’ ಅಂದ್ರ ಮುಗೀತು, ಅಂಗಡಿಯವ ತಲಿ ಎತ್ತಿ ನೋಡೇ ನೋಡ್ತಾನ. ಹೊರಗ ಹೋದಾಗಷ್ಟ ‘ಆಕಿ’ ಅಂತೀನಿ ಅಂದ್ರ ಬಾಯಿ ಜಾರತೈತಿ. ಮನ್ಯಾಗ, ಆಕಿ ಇಲ್ಲದಾಗನೂ ‘ಆಕಿ ಬಂದ್ಳು, ಉಂಡ್ಳು’ ಅಂತನ ಮಾತಾಡ್ರಿ. ತಪ್ಪಿದ್ರ ಅಲ್ಲೇ ತಿದ್ದಿ ಮುಂದ ಸಾಗ್ರಿ, ಅಯ್ಯ ತಪ್ಪಾತು ಅಂತ ದೊಡ್ಡದು ಮಾಡಬ್ಯಾಡ್ರಿ, ಮಂದಿ ತಿರುಗಿ ನೋಡೂದು ಅದಕ್ಕ. ಹಳೇ ಹೆಸರು ಫೋನಿನ್ಯಾಗ ಇದ್ರ ಇವತ್ತ ಅಳಸ್ರಿ. ರಿಂಗ್ ಆದಾಗ ಬಾಜೂಕಿನವರು ಓದ್ತಾರ.

— ಮಗಳ ತಾಯಿ, ರಾಣೆಬೆನ್ನೂರು