ಸಹಾಯ ಬೇಕು: ಸಿ ಲೈಬ್ರರಿಯ ಹೆಡರ್ ಎಲ್ಲ ಪ್ರೊಸೆಸರ್‌ಗಳಿಗೂ ಹೊಂದುತ್ತಿಲ್ಲ

ಮಾನ್ಯರೇ, ಸಕಲೇಶಪುರದ ಸುತ್ತಲಿನ ಕಾಫಿ ತೋಟಗಳಲ್ಲಿ ಮಳೆ ಮತ್ತು ಉಷ್ಣಾಂಶವನ್ನು ದಾಖಲಿಸುವ ಉಪಕರಣಗಳಿಗಾಗಿ ಸಿ ಭಾಷೆಯಲ್ಲಿ ಸಣ್ಣ ಲೈಬ್ರರಿಯೊಂದನ್ನು ಬರೆದಿದ್ದೇನೆ. ಅದರ ಹೆಡರ್‌ನ (ಲೈಬ್ರರಿಯನ್ನು ಬಳಸುವ ಪ್ರೋಗ್ರಾಮ್‌ಗಳು ಸೇರಿಸಿಕೊಳ್ಳುವ ಘೋಷಣೆಗಳ ಕಡತದ) ಸ್ಟ್ರಕ್ಟ್‌ನಲ್ಲಿ, ಅಂದರೆ ಹಲವು ಸದಸ್ಯರನ್ನು ಒಟ್ಟಿಗೆ ಇಡುವ ರಚನೆಯಲ್ಲಿ, ಮೊದಲು ಒಂದು ಚಾರ್ (ಒಂದು ಬೈಟ್‌ನ ಪೂರ್ಣಾಂಕ), ಅನಂತರ ಒಂದು ಲಾಂಗ್ (ಯಂತ್ರಕ್ಕೆ ತಕ್ಕಂತೆ ಗಾತ್ರ ಬದಲಾಗುವ ಪೂರ್ಣಾಂಕ) ಇದ್ದವು. 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಅದರ ಗಾತ್ರ 16 ಬೈಟ್, ತೋಟದಲ್ಲಿರುವ 32 ಬಿಟ್ ಆರ್ಮ್ ಬೋರ್ಡ್‌ನಲ್ಲಿ ಕೇವಲ 8 ಬೈಟ್ ಆಗುತ್ತಿದ್ದುದರಿಂದ, ಅಲ್ಲಿ ಬರೆದ ಕಡತವನ್ನು ಇಲ್ಲಿ ಓದಿದಾಗ ಅಂಕಿಗಳೆಲ್ಲ ಅಸ್ತವ್ಯಸ್ತವಾಗುತ್ತಿದ್ದವು. ಜೊತೆಗೆ, ಆರ್ಮ್ ಲಿನಕ್ಸ್‌ನಲ್ಲಿ ಬರಿಯ ಚಾರ್ ಋಣ ಸಂಖ್ಯೆಯನ್ನು ಹಿಡಿಯದ ಕಾರಣ, ಅಳತೆ ದೊರೆಯದಿದ್ದಾಗ ನಾನು ಬರೆಯುತ್ತಿದ್ದ -1 ಅಲ್ಲಿ 255 ಆಗುತ್ತಿತ್ತು. ಮಳೆಗಾಲದ ದಾಖಲೆ ಹೀಗೆ ಕೆಟ್ಟದ್ದು ನನಗೆ ನಿಜಕ್ಕೂ ನೋವು ತಂದಿದೆ.

ಎರಡನ್ನೂ ನಿಗದಿತ ಗಾತ್ರದ 8 ಮತ್ತು 64 ಬಿಟ್ ಇಂಟ್‌ಗಳಿಗೆ ಬದಲಿಸಿದ ಮೇಲೆ ಈ ಎರಡು ಯಂತ್ರಗಳು ಹೊಂದಿಕೊಂಡವು. ಆದರೆ ಹಾಸನದ ಕಚೇರಿಯ ಹಳೆಯ 32 ಬಿಟ್ ಎಕ್ಸ್86 ಲಿನಕ್ಸ್ ಗಣಕದಲ್ಲಿ, ಸ್ಟ್ರಕ್ಟ್‌ನೊಳಗಿನ 64 ಬಿಟ್ ಸದಸ್ಯ 4 ಬೈಟ್ ಗಡಿಯಲ್ಲೇ (8ರ ಬದಲು 4ರಿಂದ ಭಾಗವಾಗುವ ಸ್ಥಾನದಲ್ಲೇ) ಕೂರುವುದರಿಂದ, ಗಾತ್ರ 12 ಬೈಟ್ ಬರುತ್ತಿದೆ.

ಎರಡು ಸದಸ್ಯರ ನಡುವೆ 7 ಬೈಟ್ ಪ್ಯಾಡಿಂಗ್ (ಖಾಲಿ ಜಾಗ) ಸೇರಿಸಿ, ಕಂಪೈಲ್ ಸಮಯದಲ್ಲೇ ತಪ್ಪನ್ನು ಹಿಡಿಯುವ ಸ್ಟ್ಯಾಟಿಕ್ ಅಸರ್ಟ್‌ನಿಂದ ಗಾತ್ರವನ್ನು ಪರೀಕ್ಷಿಸಿದರೆ ಸಾಕೇ? ಇದೇ ಸ್ಟ್ರಕ್ಟ್ ಇನ್ನೊಂದರೊಳಗೆ ಸೇರಿದಾಗ ಅಲೈನ್‌ಮೆಂಟ್ (ಅದು ಯಾವ ಗಡಿಯಲ್ಲಿ ಕೂರಬೇಕೆಂಬ ನಿಯಮ) ಮತ್ತೆ ಬೇರೆಯಾಗುವುದೆಂಬ ಆತಂಕ ನನಗಿದೆ. ನಡುವಿನ ಖಾಲಿ ಜಾಗವನ್ನು ತೆಗೆದುಹಾಕುವ ಪ್ಯಾಕ್ಡ್ ಗುಣವನ್ನು ಬಳಸಿದರೆ, ಸದಸ್ಯರು ಸರಿಯಾದ ಗಡಿಯಲ್ಲಿ ಕೂರದೆ ಹೋಗಬಹುದಾದ್ದರಿಂದ ಅವರ ಪಾಯಿಂಟರ್‌ಗಳು (ಮೆಮೊರಿ ವಿಳಾಸಗಳು) ಅಪಾಯಕಾರಿ. ಕಡತಕ್ಕೆ ಬೈಟ್ ಬೈಟಾಗಿ ಬರೆಯುವುದೇ ಲೇಸೆಂದು ತೋರುತ್ತದೆಯಾದರೂ, ಹಳೆಯ ಹೆಡರ್‌ನೊಂದಿಗೆ ಕಂಪೈಲ್ ಆಗಿರುವ ಪ್ರೋಗ್ರಾಮ್‌ಗಳನ್ನು ಮುರಿಯದೆ ಅದನ್ನು ಹೇಗೆ ತರಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.